ದೊಡ್ಡಪ್ಪನ ಕೆಂಪು ಕಾರಿಗೆ ದೊಡ್ಡಮ್ಮನ ಸೀರಿ

ಇವತ್ತು ಉಜ್ಜಿನಿ ರಸ್ತ್ಯಾಗ ಹುರುಳಿ ಒಕ್ಕಲಿಗೆ ಹಾಸಿದ್ರು. ನನ್ನ ಕಾರು ಅದರ ಮ್ಯಾಲ ಹರಿದು ಹೊಟ್ಟಿನ ಘಮಲು ಮೂಗಿಗೆ ಬಡಿದದ್ದೇ ತಡ, ದೊಡ್ಡಪ್ಪನ ಕೆಂಪು ಕಾರು ನೆನಪಾತು.

ಎರಡೇ ಸೀಟಿನ ಹಳೇ ರೇಸಿನ ಕಾರು ಅದು. ಕೂಡ್ಲಿಗಿ ಕಡೆ ಏರು ಬಂತಂದ್ರ ಏದುಸಿರು ಬಿಡೋದು. ಹಿಂದಿನ ಬಸ್ಸು ಪೋಂ ಅಂತ ದಾಟಿ ಹೋಗೋದು.

"ಇಂಜಿನ್ನು ತನ್ನ ಬಿಸಿ ಗಾಳಿನೇ ಕುಡಿಯಾಕತ್ತೈತಿ, ಅದಕ್ಕ ತಣ್ಣನ ಗಾಳಿ ಬೇಕು" ಅಂದ ದೊಡ್ಡಪ್ಪ. ಗಾಳಿ ಸೋಸೋ ಡಬ್ಬಿ ಕಿತ್ತೊಗೆದು, ನಮ್ಮ ಎಣ್ಣಿ ಗಾಣದ ದೊಡ್ಡ ಲಾಳಿಕಿಯನ್ನ ಇಂಜಿನ್ನಿನ ಗಾಳಿ ಕೊಳವಿಗೆ ಸಿಗಿಸಿ, ಮುಂದಿನ ಜಾಲರಿ ಹತ್ರ ಅದರ ಬಾಯಿ ತೆರೆದಿಟ್ಟ. ಕಾರು ಚಿಗರಿಯಂಗ ಓಡ್ತು! ಆದ್ರ ರಸ್ತಿ ಮ್ಯಾಲಿನ ಒಕ್ಕಲಿ ಅವಗ ನೆನಪಿರಲಿಲ್ಲ. ಲಾಳಿಕಿ ಹೊಟ್ಟು ನುಂಗ್ತು, ಕಾರು ಕೆಮ್ಮಿ ನಿಂತಿತು.

ದೊಡ್ಡಮ್ಮ ಬೈಕೋತ ಹೊಟ್ಟು ಜಾಡಿಸಿ, ತನ್ನ ಹಳೇ ನೂಲಿನ ಸೀರಿ ಹರಿದು, ಎಣ್ಣಿ ಸೋಸಾಕ ಕಟ್ಟಿದಂಗ ಲಾಳಿಕಿ ಬಾಯಿಗೆ ಬಿಗಿದಳು. "ಹೂಂ, ಈಗ ಹೊಡೀರಿ!"

ನಾನು ಅವಳ ತೊಡಿ ಮ್ಯಾಲಿದ್ದೆ. ಏರಿನ ನೆತ್ತಿ ಮುಟ್ಟಿದಾಗ ಬಸ್ಸು ನಮ್ಮ ಹಿಂದಿತ್ತು. ದೊಡ್ಡಮ್ಮ ಕಿಟಕಿಯಿಂದ ಕೈ ಹೊರಗ ಹಾಕಿ, "ಬರ್ರಿ, ಸಾವಕಾಶ ಬರ್ರಿ!" ಅಂತ ಬಸ್ಸಿಗೆ ಕೂಗಿದಳು.

ಇವತ್ತೂ ನನ್ನ ಬಾಜೂಕ ಅವಳೇ ಕುಂತಿದ್ದಳು. ಮುಂದೊಂದು ಬಸ್ಸು ಕಂಡಿದ್ದೇ ತಡ, ಬೊಚ್ಚು ಬಾಯಿ ಅರಳಿಸಿ ಅಂದಳು: "ಏನ್ ನೋಡ್ತೀಲೇ, ಹಿಂದ ಹಾಕು!"