ಟೇಲರ್ ಕಾಕಾಗ ಲಗ್ನ ತೋರಿಸಿದ್ದು

ಇಂಡಿ ಅನ್ನೋ ಊರಾಗ ನನ್ನದು ಲಗ್ನದ ವಿಡಿಯೊ ಮಾಡೋ ಸಣ್ಣ ಅಂಗಡಿ. ಶೂಟಿಂಗ್ ಎಷ್ಟ ಛಲೋ ಇದ್ರೂ ನಮ್ಮ ಕಡೆ ಮಂದಿ ಕೇಳೋದು ಮಿಕ್ಸಿಂಗ್. ಮದುಮಗಳು ಕಮಲದಾಗಿಂದ ಏಳಬೇಕು, ಮ್ಯಾಲಿಂದ ಹೂವು ಉದುರಬೇಕು, ಮಂದಿ ಮಾತೆಲ್ಲಾ ತಗದು ಸಿನಿಮಾ ಹಾಡು ಹಾಕಬೇಕು. ಇಷ್ಟಕ್ಕೆಲ್ಲ ನನ್ನ ಹತ್ರ ಇರೋದು ಒಂದು ಸೋವಿ ಪ್ರೊಸೆಸರಿನ ಕಂಪ್ಯೂಟರ್. ಒಂದು ಲಗ್ನ ತಯಾರ ಆಗೂದ್ರೊಳಗ ಜೀವ ಹೈರಾಣ ಆಗ್ತೈತಿ.

ಹೋದ ಬ್ಯಾಸಿಗಿಯೊಳಗ ನಮ್ಮ ಓಣಿಯ ಟೇಲರ್ ಕಾಕಾ ಹಾಸಿಗಿ ಹಿಡಿದ್ರು. ಮಗಳ ಲಗ್ನ ಮುದ್ದೇಬಿಹಾಳದಾಗ ಅವಸರಲೇ ಆತು. ಶೂಟಿಂಗಿಗೆ ನಾನು ಹೋಗಿದ್ದೆ, ಕಾಕಾಗ ಹೋಗಾಕ ಆಗಲಿಲ್ಲ. ಮರುದಿನ ಮುಂಜಾನೆ ಅವರ ಹೆಂಡತಿ, ನಮ್ಮ ಕಾಕು, ಅಂಗಡಿಗೆ ಬಂದ್ರು.

“ತಮ್ಮಾ, ಡಾಕ್ಟರು ಕೈ ಬಿಟ್ಟಾರ. ಕಣ್ಣು ಮುಚ್ಚೂದ್ರೊಳಗ ಅವರಿಗೆ ಮಗಳ ಲಗ್ನ ಒಮ್ಮಿ ತೋರಿಸಪಾ” ಅಂದ್ರು.

ಕಂಪ್ಯೂಟರಿನ ಇದ್ದ ವೇಗದಾಗ ಮಿಕ್ಸಿಂಗ್ ಮುಗಿಬೇಕಂದ್ರ ನಾಳಿ ಸಂಜೀತನಕ ಕಾಯಬೇಕು. ಹೊಸಾ ಪ್ರೊಸೆಸರ್ ತರೋಣಂದ್ರ ಕಿಸೆ ಖಾಲಿ. ಸೆಟ್ಟಿಂಗಿನೊಳಗ ಹೊಕ್ಕು ಇದ್ದದ್ದರ ವೇಗಾನೇ ಏರಿಸಿದೆ. ಓವರ್‌ಕ್ಲಾಕ್ ಅಂತಾರ ಇದಕ್ಕ. ಮಾಡಿದವರು ಇಷ್ಟ ಓಡು ಅಂತ ಬಿಟ್ಟದ್ದನ್ನ ನಾವು ಇನ್ನಷ್ಟು ಓಡಸೋದು. ಮೊದಲ ಸರಳ ಓಡಿತು, ನಾನೂ ಮೀಸಿ ತಿರುವಿದೆ. ಆದ್ರ ನಮ್ಮ ಬಿಸಲಂದ್ರ ಬಿಸಲು. ಪ್ರೊಸೆಸರ್ ಕಾದು, ಪರದೆ ನೀಲಿ ಆಗಿ ಎಲ್ಲಾ ಬಂದಾತು. ಬಾಜೂಕಿನ ತಗಡು ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿದೆ. ವೇಗ ಒಂಚೂರು ಇಳಿಸಿದೆ. ಕಮಲದ ಸೀನಿನ ಹತ್ರ ಬಂದು ಮತ್ತ ನಿಂತಿತು ಹಾಳಾದ್ದು. ಬೈದೆ, ಬಡದೆ, ಕೈನೂ ಮುಗದೆ.

ಮಧ್ಯಾಹ್ನ ಕಾಕು ಮತ್ತ ಬಂದು ಬಾಗಲದಾಗ ನಿಂತ್ರು. ಮಿಕ್ಸಿಂಗ್ ಮಣ್ಣಾಗ ಹೋಗಲಿ ಅಂತ ಕ್ಯಾಮೆರಾನೇ ಎತ್ತಿಕೊಂಡು ಅವರ ಹಿಂದ ನಡದೆ.

ಕಾಕಾ ಗೋಡಿ ಕಡೆ ಮಾರಿ ಮಾಡಿ ಮಲಗಿದ್ರು. ಲಗ್ನದ ದಿನದಿಂದ ಅವರ ಬಾಯಾಗಿಂದ ಒಂದು ಮಾತೂ ಹೊಂಟಿರಲಿಲ್ಲ. ಕ್ಯಾಮೆರಾದ ಸಣ್ಣ ಪರದೆ ಅವರ ಕಣ್ಣಮುಂದ ಹಿಡದೆ. ಹಂದರ, ಗದ್ದಲ, ಯಾರೋ ಉಪ್ಪಿಟ್ಟಿಗೆ ಜಗಳಾಡೋದು, ಎಲ್ಲಾ ಇದ್ದದ್ದು ಇದ್ದಂಗ. ಅಕ್ಷತೆಯ ಅಕ್ಕಿಕಾಳು ಬಿದ್ದ ಮ್ಯಾಲ ಮಗಳು ಕ್ಯಾಮೆರಾದ ಕಡೆ ಹೊಳ್ಳಿದ್ಲು. ಮಿಕ್ಸಿಂಗಿನ್ಯಾಗ ನಾನು ದನಿ ಅಳಿಸಿದ ಜಾಗಾ ಅದು.

“ಅಪ್ಪಾ, ಗುಳಿಗಿ ತಗೊಂಡಿಯಿಲ್ಲೋ?” ಅಂದ್ಲು.

“ತಗೊಂಡೇನವ್ವಾ” ಅಂದ್ರು ಕಾಕಾ.

ಕಾಕು ಸೆರಗು ಬಾಯಿಗೆ ಒತ್ತಿಕೊಂಡ್ರು. ಮತ್ತ ತೋರಿಸು ಅಂತ ಕಾಕಾ ಬೆರಳಲೇ ಸನ್ನೆ ಮಾಡಿದ್ರು. ತೋರಿಸಿದೆ. ಆಕಿ ಕೇಳಿದಾಗೊಮ್ಮೆ ಹಂಗ ಅನಕೋತ ಹೋದ್ರು, ದನಿ ಸಣ್ಣಾಗಕೋತ ಹೋತು. ನಾನು ಕ್ಯಾಮೆರಾ ಇಳಿಸಲಿಲ್ಲ.

ಕಡೀಕ ಆಕಿ ಕೇಳಿದಾಗ ಹಾಸಿಗಿಯಿಂದ ಉತ್ತರ ಬರಲಿಲ್ಲ. ಕಾಕು ಪರದೆ ಕಡೆ ಬಗ್ಗಿ, “ತಗೊಂಡಾರವ್ವಾ” ಅಂದ್ರು.