ಹಗೇವಿನ ಮೇಲೆ ಇಪ್ಪತ್ತು ಮನೆ

1953ರಲ್ಲಿ ನಾನು ಜತ್ ತಾಲೂಕಿನ ಒಂದು ಸಣ್ಣ ನಗರಸಭೆಗೆ ಓವರ್ಸಿಯರ್ ಆಗಿ ಹೋದೆ. ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಗಿ ಐದು ವರ್ಷವಾಗಿತ್ತು. ನಮ್ಮ ಜಿಲ್ಲೆಗೆ ಆಗ ದಕ್ಷಿಣ ಸಾತಾರಾ ಎಂದು ಹೆಸರು. ಊರಿನ ಹೆಸರು ಬರೆಯುವುದಿಲ್ಲ, ಆ ಮನೆತನಗಳು ಈಗಲೂ ಅಲ್ಲಿವೆ. ಓವರ್ಸಿಯರ್ ಎಂದರೆ ಇಂಜಿನಿಯರನಿಗಿಂತ ಕೆಳಗೆ, ಗೌಂಡಿಗಿಂತ ಮೇಲೆ. ಗೋಡೆ ನೆಟ್ಟಗೆ ನಿಂತರೆ ಯಾರೂ ನೆನೆಯದ, ಬಿರುಕು ಬಿಟ್ಟರೆ ಎಲ್ಲರೂ ಹುಡುಕುವ ಮನುಷ್ಯ.

ನಗರಸಭೆಯ ಕಸಗುಡಿಸುವವರು ಮತ್ತು ಪೇಟೆಯ ಹಮಾಲರು ಹಳ್ಳದ ದಂಡೆಯಲ್ಲಿ ಜೋಪಡಿ ಹಾಕಿಕೊಂಡಿದ್ದರು. ಅವರಿಗಾಗಿ ಇಪ್ಪತ್ತು ಮನೆ, ಒಂದು ರಸ್ತೆ, ಒಂದು ಗಟಾರಕ್ಕೆ ಸರಕಾರದ ಗ್ರಾಂಟು ಮಂಜೂರಾಗಿತ್ತು. ಷರತ್ತು ಒಂದೇ: ಮಾರ್ಚ್ ಅಖೇರಿಯೊಳಗೆ, ಆ ತಿಂಗಳು ಮುಗಿಯುವುದರೊಳಗೆ, ಪಾಯ ಹಾಕಿ ವರದಿ ಕಳಿಸಬೇಕು. ಇಲ್ಲವಾದರೆ ಗ್ರಾಂಟು ತಿರುಗಿ ಹೋಗುತ್ತದೆ, ಜನ ಹಳ್ಳದಲ್ಲೇ ಉಳಿಯುತ್ತಾರೆ.

ಜಾಗ ಕೊಟ್ಟವರು ಅಧ್ಯಕ್ಷರಾದ ಶಿವಪ್ಪ ಸಾವಕಾರರು. ಜೋಳದ ದೊಡ್ಡ ವ್ಯಾಪಾರಿ, ಕೈ ಧಾರಾಳ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಮನೆಯಲ್ಲಿ ಚಹ ಮಾಡುವವನೂ ಗಂಡಸೇ. ಹಳೇ ಪೇಟೆಯ ಹಿಂದಿನ ಬಯಲನ್ನು ಅವರು ದಾನವಾಗಿ ಕೊಡುತ್ತೇನೆಂದಾಗ ಒಂಬತ್ತು ಮಂದಿ ಸದಸ್ಯರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು, ಪಾಯಕ್ಕೆ ಮೊದಲು ನಾಲ್ಕು ಕಡೆ ಟ್ರಯಲ್ ಪಿಟ್, ಎಂದರೆ ನೆಲದ ಗಟ್ಟಿತನ ನೋಡುವ ಗುಂಡಿ, ತೆಗೆಸಬೇಕು ಎಂದೆ.

ಸಾವಕಾರರು ನಕ್ಕರು. "ಏನ್ರಿ ಓವರ್ಸಿಯರ, ಊಟಕ್ಕ ಕರದ್ರ ಎಲಿ ಮುಂದ ಕುಂತು ಅನ್ನದಾಗ ಹರಳು ಹುಡಕವ್ರು ನೀವು!"

ಸಭೆಯೆಲ್ಲ ನಕ್ಕಿತು. ಆ ಸೀಮೆಯಲ್ಲಿ ದಾನ ಬಂದ ನೆಲವನ್ನು ಅಗೆದು ನೋಡುವುದೆಂದರೆ ಕೊಟ್ಟವನ ಮುಖಕ್ಕೆ ಹೊಡೆದಂತೆ. ನಾನು ಹೊಸಬ, ಇಪ್ಪತ್ತೇಳರ ವಯಸ್ಸು. ಗುಂಡಿ ತೆಗೆಸದೆಯೇ ವರದಿಯಲ್ಲಿ 'ನೆಲ ಗಟ್ಟಿ ಇದೆ' ಎಂದು ಬರೆದು ಸಹಿ ಹಾಕಿದೆ.

ಸಹಿ ಹಾಕಿದ ಮೇಲೆ ನನ್ನ ಕಣ್ಣು ತೆರೆಯತೊಡಗಿತು. ಬಯಲಿನ ಮಧ್ಯದಿಂದ ಹೋದರೆ ಪೇಟೆ ಹತ್ತಿರ. ಆದರೂ ಒಂದೇ ಒಂದು ಗಾಡಿಯ ಜಾಡು ಅದರ ಮೇಲೆ ಇರಲಿಲ್ಲ. ಜಾಡುಗಳೆಲ್ಲ ಬಯಲನ್ನು ಬಳಸಿಕೊಂಡು ಹೋಗಿದ್ದವು. ಉಮದಿ ಸಂತೆಗೆ ಹೊರಟಿದ್ದ ಗಾಡಿಯವನನ್ನು ಯಾಕೆಂದು ಕೇಳಿದೆ. "ಎತ್ತು ಒಲ್ಲೆ ಅಂತಾವ್ರಿ," ಎಂದು ಹೇಳಿ ಅವನು ಮುಖ ತಿರುಗಿಸಿದ. ಅದೇ ವಾರ ಅಕಾಲದ ಮಳೆ ಬಿತ್ತು. ಊರಲ್ಲೆಲ್ಲ ನೀರು ನಿಂತಿತು. ಆ ಬಯಲಿನಲ್ಲಿ ಮಾತ್ರ ಬೆಳಗಾಗುವುದರೊಳಗೆ ಒಂದು ಹನಿಯೂ ಇರಲಿಲ್ಲ.

ಮಾರ್ಚ್ ಮೊದಲ ವಾರ ಕೆಲಸ ಶುರುವಾಯಿತು. ಮೂರನೆಯ ದಿನ ಒಬ್ಬ ಆಳು ಹಾರೆ ಎತ್ತಿ ಹಾಕಿದ. ಹಾರೆ ಅವನ ಕೈಯಿಂದ ಜಾರಿ ಪೂರ್ತಿ ನೆಲದೊಳಗೆ ಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಕೆಳಗೆಲ್ಲೋ ಸದ್ದಾಯಿತು.

ಗೌಂಡಿ ಇಮಾಮಸಾಬ ಎಲ್ಲರನ್ನೂ ಹಿಂದಕ್ಕೆ ಸರಿಸಿದ. ಮಣ್ಣು ಬಿಡಿಸಿದಾಗ ಗಡಿಗೆಯ ಕಂಠದಂಥ ಬಾಯಿ ಕಂಡಿತು. ಕೊಳೆತ ಜೋಳದ ವಾಸನೆ ಮೇಲೆ ಬಂತು. ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಎರಡಾಳು ಆಳಕ್ಕೆ ಇಳಿಯುವಷ್ಟರಲ್ಲಿ ಅದು ಆರಿತು.

"ಹಗೇವ್ರಿ ಇದು," ಎಂದ. "ವಿಷದ ಗಾಳಿ ತುಂಬೈತಿ. ಇಳದವ ತಿರಗಿ ಬರಂಗಿಲ್ಲ."

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಒಳಗೆ ಒಂದು ಕೋಣೆಯಷ್ಟು ಅಗಲ. ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಹರಡಿದರೆ ಗುರುತು ಸಿಗುವುದಿಲ್ಲ. ಜಾಗ ಆಯಾ ಮನೆಯವರಿಗೆ ಮಾತ್ರ ಗೊತ್ತು.

ತುರ್ತು ಸಭೆ ಕರೆದೆವು. ಇನ್ನೆಷ್ಟು ಹಗೇವು ಇವೆ ಎಂದು ಕೇಳಿದೆ. ಸದಸ್ಯರು ಒಬ್ಬೊಬ್ಬರಾಗಿ ಮೂಲೆಯ ಕಡೆ ಕಣ್ಣು ಹೊರಳಿಸಿದರು. ಅಲ್ಲಿ ಮಾಮಲೇದಾರ ಕಚೇರಿಯ ಕಾರಕೂನ, ಎಂದರೆ ಸರಕಾರದ ಗುಮಾಸ್ತ, ಕುಳಿತಿದ್ದ. ಅವನನ್ನು ನೋಡಿದ ಮೇಲೆ ನನಗೆ ವಿಷಯ ಹೊಳೆಯಿತು. ಯುದ್ಧದ ಕಾಲದಿಂದ ಕೆಲವು ವರ್ಷ ಲೆವ್ಹಿ ಇತ್ತು: ಬೆಳೆದದ್ದರಲ್ಲಿ ಪಾಲನ್ನು ಸರಕಾರಕ್ಕೆ ಕೊಡಬೇಕು, ಬಚ್ಚಿಟ್ಟರೆ ಜೈಲು. ಇವರೆಲ್ಲ ಬಚ್ಚಿಟ್ಟದ್ದು ಆ ಬಯಲಿನ ಕೆಳಗೆ. 'ನಮ್ಮದೊಂದು ಅಲ್ಲಿದೆ' ಎಂದು ಹೇಳುವುದೂ ಕಳವು ಒಪ್ಪಿಕೊಳ್ಳುವುದೂ ಒಂದೇ ಎಂದು ಪ್ರತಿಯೊಬ್ಬರೂ ಹೆದರಿದ್ದರು.

"ಒಂದ ಇತ್ತು, ಸಿಕ್ತು," ಎಂದರು ಸಾವಕಾರರು. "ಮುಚ್ಚಿ ಕೆಲಸ ನಡಸ್ರಿ. ಗ್ರಾಂಟ್ ಹೋದ್ರ ಆ ಬಡವರಿಗೆ ಯಾರು ಜವಾಬು ಕೊಡವ್ರು?"

ಕೈಗಳು ಒಂದೊಂದಾಗಿ ಮೇಲೆದ್ದವು. ಠರಾವು ಸರ್ವಾನುಮತದಿಂದ ಪಾಸಾಯಿತು. ಎತ್ತಿದ ಯಾವ ಕೈಯೂ ನೆಟ್ಟಗೆ ನಿಂತಿರಲಿಲ್ಲ. ಅವನ್ನು ನಾನಿನ್ನೂ ಮರೆತಿಲ್ಲ.

ಹೊರಗೆ ಭೀಮವ್ವ ಕಾದಿದ್ದಳು. ನಗರಸಭೆಯ ಕಸಗುಡಿಸುವಾಕೆ, ಇಪ್ಪತ್ತು ಮನೆಯಲ್ಲಿ ಒಂದು ಅವಳದು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು.

"ಏನಂದ್ರು ಸಾಹೇಬ್ರ?"

"ಏನೂ ಅನ್ನಲಿಲ್ಲ ಭೀಮವ್ವ."

"ಗಂಡಸ್ರು ಹೇಳಂಗಿಲ್ಲ ಬಿಡ್ರಿ. ಹಗೇವು ತಗಿಯೂ ದಿನ ಪೂಜಿ ಮಾಡಾಕಿ ಯಾರು? ಮನ್ಯಾಗಿನ ಹಿರೇ ಹೆಣ್ಮಗಳು. ಜಾಗಾ ಆಕಿಗಿ ಗೊತ್ತಿರತೈತಿ. ನಾ ದಿನಾ ಅವ್ರ ಹಿತ್ತಲ ಬಾಗಲಕ್ಕ ಹೋಗಾಕೀನ. ಎರಡು ದಿನ ಕೆಲಸ ನಿಲ್ಸ್ರಿ."

ಸುಣ್ಣ ಬಂದಿಲ್ಲ ಎಂದು ಸುಳ್ಳು ಹೇಳಿ ಕೆಲಸ ನಿಲ್ಲಿಸಿದೆ. ಅವಳು ಒಂದೊಂದು ಹಿತ್ತಲಿಗೂ ಹೋಗಿ ಹೇಳಿದ್ದು ಇಷ್ಟೇ ಎಂದು ಆಮೇಲೆ ತಿಳಿಯಿತು: "ಅವ್ವಾರ, ಅಲ್ಲಿ ನನ್ನ ಮಕ್ಕಳು ಮಲಗವ್ರು. ನಿಮ್ಮದು ಎಲ್ಲೈತಿ ಅಂತ ಬಾಯಿಲೆ ಹೇಳಬ್ಯಾಡ್ರಿ. ಒಂದು ಕಲ್ಲು ಇಟ್ಟು ಬರ್ರಿ, ಸಾಕು."

ಮೂರನೆಯ ದಿನ ಬೆಳಿಗ್ಗೆ ಬಯಲಿಗೆ ಹೋದವನು ಅಲ್ಲೇ ನಿಂತುಬಿಟ್ಟೆ. ಅರಿಷಿಣ ಕುಂಕುಮ ಹಚ್ಚಿದ ಕಲ್ಲುಗಳು, ಅಲ್ಲೊಂದು ಇಲ್ಲೊಂದು. ಎಣಿಸಿದೆ: ಹದಿನಾಲ್ಕು. ನನ್ನ ನಕಾಶೆ ಬಿಡಿಸಿ ಹೋಲಿಸಿದೆ. ಒಂಬತ್ತು ಕಲ್ಲು ಮನೆಗಳ ಗೋಡೆಯೊಳಗೆ ಬರುತ್ತಿದ್ದವು.

ಹೊಸ ನಕಾಶೆ ತಯಾರಿಸಿದೆ. ಮನೆಗಳನ್ನೆಲ್ಲ ಮೂಡಣ ಅಂಚಿಗೆ, ಸಾವಕಾರರ ಹಳೇ ಗೋದಾಮಿನ ಪಕ್ಕಕ್ಕೆ ಸರಿಸಿದೆ. ಆ ಕಡೆ ಒಂದೂ ಕಲ್ಲು ಇರಲಿಲ್ಲ. ಸಭೆಯಲ್ಲಿ ಸಾವಕಾರರು ಅದನ್ನು ಬಹಳ ಹೊತ್ತು ನೋಡಿದರು.

"ಅಲ್ಲಿಂದ ಯಾಕ ಸರಿಸಿದ್ರಿ?"

"ದೇವರ ಕಲ್ಲು ಎದ್ದಾವ್ರಿ ಸಾವಕಾರ್ರ. ಅವನ್ನ ಕಿತ್ತು ಮನಿ ಕಟ್ಟಾಕ ಬರಂಗಿಲ್ಲ."

ಸದಸ್ಯರೆಲ್ಲ ತಲೆಯಾಡಿಸಿದರು. ಕಾರಕೂನನೂ ಕೈ ಮುಗಿದ. ಸಾವಕಾರರು ಏನೋ ಹೇಳಲು ಬಾಯಿ ತೆರೆದರು, ಕಾರಕೂನನ ಕಡೆ ನೋಡಿದರು, ಸಹಿ ಹಾಕಿದರು. ನಾನು ಈ ಸಲವೂ ಗುಂಡಿ ತೆಗೆಸಲಿಲ್ಲ. ಮಾರ್ಚ್ ಅಖೇರಿ ಹತ್ತಿರ ಬಂದಿತ್ತು. ಜೊತೆಗೆ ಕಲ್ಲುಗಳ ಮೇಲೆ ನನಗೆ ಪೂರಾ ನಂಬಿಕೆ ಬಂದಿತ್ತು. ಸಿಕ್ಕ ಹಗೇವುಗಳಿಗೆ ಕಲ್ಲು, ಮುರುಮ ಎಂಬ ಗರಸು ಮಣ್ಣು ತುಂಬಿಸಿ, ಪಾಯ ಹಾಕಿ, ವರದಿ ಕಳಿಸಿದೆ.

ಮುಂಗಾರಿಗೆ ಮೊದಲು ಇಪ್ಪತ್ತು ಮನೆಯೂ ಎದ್ದವು. ಚೀಟಿ ಎತ್ತಿದಾಗ ಗೋದಾಮಿಗೆ ಹತ್ತಿರದ ಕೊನೆಯ ಮನೆ ಭೀಮವ್ವನಿಗೆ ಬಂತು. ಕೀಲಿ ಇಸಿದುಕೊಂಡವಳು ಒಳಗೆ ಹೋಗಿ ಗಡಿಗೆ ಇಟ್ಟಳು, ಬಾಗಿಲಿಗೆ ಆಡು ಕಟ್ಟಿದಳು. "ಮಕ್ಕಳನ್ನ ಒಂದೆರಡು ಮಳಿ ಆದ ಮ್ಯಾಲೆ ಕರಕೊಂಡು ಬರ್ತೀನ್ರಿ," ಎಂದಳು. ಇನ್ನೂ ಯಾಕೆ ಹೆದರಿಕೆ ಎಂದು ನಾನು ನಗೆಯಾಡಿದೆ. ಅವಳು ನಗಲಿಲ್ಲ.

ಎರಡನೆಯ ಮಳೆಗೆ, ಮಧ್ಯಾಹ್ನದ ಹೊತ್ತು, ಆ ಮನೆ ಕುಸಿಯಿತು. ಕುಸಿಯಿತು ಎಂದರೆ ಸಾಲದು. ನೆಲ ಅದನ್ನು ಒಳಗೆಳೆದುಕೊಂಡಿತು. ನಾವು ಓಡಿ ಹೋದಾಗ ಛಾವಣಿ ನಮ್ಮ ಕಾಲಿಗಿಂತ ಕೆಳಗಿತ್ತು. ಕೆಳಗಿನಿಂದ ಆಡಿನ ಕೂಗು ಸ್ವಲ್ಪ ಹೊತ್ತು ಕೇಳಿತು, ಆಮೇಲೆ ನಿಂತಿತು. ಕಂದೀಲು ಆರಿದ್ದನ್ನು ಕಂಡಿದ್ದ ಇಮಾಮಸಾಬ ಯಾರನ್ನೂ ಇಳಿಯಗೊಡಲಿಲ್ಲ. ಭೀಮವ್ವ ಇಬ್ಬರು ಮಕ್ಕಳನ್ನೂ ಎದೆಗವಚಿಕೊಂಡು ಅಂಚಿನಲ್ಲಿ ಕೂತಿದ್ದಳು.

ಸಾವಕಾರರು ಕೊಡೆಯಿಲ್ಲದೆ ಮಳೆಯಲ್ಲೇ ಬಂದರು. ಗುಂಡಿಯ ಬದಿಯಲ್ಲಿ ನಿಂತು ಒಳಗೆ ನೋಡಿದರು. ನನ್ನ ಕಡೆ ತಿರುಗದೆ, ಮೆಲ್ಲಗೆ ಹೇಳಿದರು:

"ಕಲ್ಲು ಇಡಾಕ ನಮ್ಮ ಮನ್ಯಾಗ ಹೆಣ್ಮಕ್ಕಳು ಇಲ್ಲಲ್ರಿ, ಓವರ್ಸಿಯರ."

ಆಮೇಲೆ ಭೀಮವ್ವನಿಗೆ ತಮ್ಮ ಗೋದಾಮಿನ ಒಂದು ಭಾಗವನ್ನು ಬಿಟ್ಟುಕೊಟ್ಟರು. ಅವಳು ಅಲ್ಲಿಗೆ ಹೋಗುವ ಮೊದಲು ನಾನು ನೆಲ ಅಗೆಸಿದೆ, ನಾಲ್ಕು ಮೂಲೆ, ನಟ್ಟನಡುವೆ, ಎದೆಮಟ್ಟ. ಸಾವಕಾರರು ಹೊಸ್ತಿಲಲ್ಲಿ ನಿಂತು ನೋಡಿದರು. ಉಳಿದ ಹತ್ತೊಂಬತ್ತು ಮನೆಗಳ ಸುತ್ತಲೂ ಹಾಗೆಯೇ ಅಗೆಸಿದೆ, ಅವು ನಿಂತವು.

ಇನ್ನೂ ಮೂವತ್ತು ವರ್ಷ ಆ ನೌಕರಿಯಲ್ಲಿದ್ದೆ. ಯಾರದೇ ನೆಲ ಇರಲಿ, ಯಾರೇ ನಗಲಿ, ಗುಂಡಿ ತೆಗೆಸದೆ ಸಹಿ ಹಾಕಲಿಲ್ಲ. ಗೊತ್ತಿದ್ದೂ ತಮ್ಮ ಹಗೇವಿನ ಬಗ್ಗೆ ಸಾವಕಾರರು ಬಾಯಿ ಬಿಡಲಿಲ್ಲವೆಂದು ಊರು ಅವರನ್ನು ಬೈಯಿತು. ನನ್ನನ್ನು ಯಾರೂ ಬೈಯಲಿಲ್ಲ. ಆದರೆ 'ನೆಲ ಗಟ್ಟಿ ಇದೆ' ಎಂಬ ಕಾಗದದ ಕೆಳಗಿದ್ದದ್ದು ಅವರ ಸಹಿಯಲ್ಲ, ನನ್ನದು.