ಮಾವನಿಗೆ ಸಿಗದ ಹೆಬ್ಬೆಟ್ಟು

ನನ್ನ ಸೋದರಮಾವ ಲಂಚ ತಿಂದು ಜೈಲಿಗೆ ಹೋಗಿಬಂದವನು. ಮುಚ್ಚಿಡುವುದೇನಿದೆ, ನಮ್ಮೂರು ಮಸರಕಲ್ಲಿನಿಂದ ದೇವದುರ್ಗದವರೆಗೂ ಎಲ್ಲರಿಗೂ ಗೊತ್ತಿದ್ದ ಸಂಗತಿ. ಸರಕಾರಿ ಗುಮಾಸ್ತನಾಗಿದ್ದಾಗ ಜಮೀನಿನ ಕಾಗದ ಮಾಡಿಕೊಡಲು ಕೈ ಚಾಚಿ ಸಿಕ್ಕಿಬಿದ್ದಿದ್ದ. ಊರಿಗೆ ಮರಳಿ ಕೆಲವು ವರ್ಷ ಸುಮ್ಮನಿದ್ದ. ಎಂಬತ್ತರ ದಶಕದಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ಬಂದಾಗ ಮತ್ತೆ ಕುರ್ಚಿಯ ಆಸೆ ಹುಟ್ಟಿತು. ಕಾಯ್ದೆಯ ಅಡ್ಡಿಯಿಲ್ಲ ಎಂದು ರಾಯಚೂರಿನ ವಕೀಲರೊಬ್ಬರು ಹೇಳಿದ್ದರಂತೆ. ಅಡ್ಡಿ ಇದ್ದದ್ದು ನನ್ನ ಅಜ್ಜಿಯದು.

ನಾಮಪತ್ರಕ್ಕೆ ಸೂಚಕಳಾಗಿ ಅವಳ ಹೆಬ್ಬೆಟ್ಟು ಬೇಕಾಗಿತ್ತು. ಹೆತ್ತವ್ವನೇ ಒತ್ತದಿದ್ದರೆ ಊರಲ್ಲಿ ಇನ್ಯಾರು ಒತ್ತುತ್ತಾರೆ? ಅವಳನ್ನು ಒಪ್ಪಿಸಲೆಂದು ಮಾವ ಅವಳ ಮುದ್ದಿನ ಮೊಮ್ಮಗಳಾದ ನನ್ನನ್ನು ಮಾನ್ವಿಯಿಂದ ಕರೆಸಿದ್ದ. ಪಾಠ ಹೇಳುತ್ತಿದ್ದ ಶಾಲೆಗೆ ರಜೆ ಹಾಕಿ ಬಂದ ನಾನೋ, ತಮಾಷೆ ನೋಡುವ ಪೈಕಿ. ಅಜ್ಜಿಗೆ ಮಾತ್ರ ಒಳಗೊಳಗೇ ಭಯ. "ಒತ್ತಲಿಲ್ಲಂದ್ರ ಸಿಟ್ಟಾಗಿ ಮನಿ ಬಿಟ್ಟು ಹೋಗ್ತಾನೇನಬೇ?" ಎಂದು ನನ್ನನ್ನು ಎರಡು ಸಲ ಕೇಳಿದಳು.

ನಾಮಪತ್ರ ಕೊಡುವ ಕಡೆಯ ದಿನ. ಮಾವ ಮಸಿಯ ಡಬ್ಬಿ ಹಿಡಿದು ತನ್ನ ಕಡೆಯ ನಾಲ್ಕು ಜನರೊಂದಿಗೆ ಬಂದಾಗ ಅಜ್ಜಿ ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಿದ್ದಳು.

"ಕೈಗೆಲ್ಲ ಹಿಟ್ಟಾಗ್ಯದ. ಮೊದಲು ಉಣ್ರಿ."

ಉಂಡರು. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಆ ನಾಲ್ವರು ಪುಂಡಿಪಲ್ಯ ಕಂಡು ಚುನಾವಣೆಯನ್ನೇ ಮರೆತರು. ಅಷ್ಟರಲ್ಲಿ, ನಾಮಪತ್ರ ಕೊಡಲು ಅವರು ಹಿಡಿಯಬೇಕಾಗಿದ್ದ ದೇವದುರ್ಗದ ಒಂದೇ ಬಸ್ಸಿನ ಹಾರ್ನ್ ಕೇಳಿಸಿತು.

"ಯವ್ವಾ, ಮಗನ ಮ್ಯಾಲ ನಿನಗ ನಂಬಿಕಿ ಇಲ್ಲೇನು?" ಎಂದ ಮಾವ.

ನಮ್ಮದು ಕುರಿಗಾರರ ಮನೆ. ಕುರಿಮರಿಯ ರುಚಿ ಕಂಡ ನಾಯಿಯನ್ನು ನಾವು ಹೊಡೆದು ಓಡಿಸುವುದಿಲ್ಲ. ಅಂಗಳದಲ್ಲಿ ಕಟ್ಟಿ, ಉಳಿದವಕ್ಕೆ ಹಾಕಿದಷ್ಟೇ ರೊಟ್ಟಿ ಅದಕ್ಕೂ ಹಾಕುತ್ತೇವೆ. ಕುರಿಹಟ್ಟಿ ಕಾಯಲು ಮಾತ್ರ ಮತ್ತೆಂದೂ ಬಿಡುವುದಿಲ್ಲ.

"ನಮ್ಮ ಹಟ್ಟಿ ಪದ್ಧತಿ ನಿನಗ ಗೊತ್ತದ," ಎಂದಳು ಅಜ್ಜಿ. "ನಾ ಇರೂತನಕ ರೊಟ್ಟಿ ಹಾಕ್ತೀನಿ. ಕಾವಲಿಗೆ ಕಳಸಂಗಿಲ್ಲ."

"ಹಂಗಾದ್ರ ನಾ ನಾಯೇನಬೇ?"

"ನಾಯಿಗಾಗಿದ್ರ ಇಷ್ಟು ಬಿಡಿಸಿ ಹೇಳೂದು ಬೇಕಾಗಿರಲಿಲ್ಲ."

ಮೊದಲು ನಕ್ಕವರು ಆ ನಾಲ್ವರು. ನಾನು ಸೆರಗು ಬಾಯಿಗಿಟ್ಟುಕೊಂಡೆ. ಮಾವ ಎದ್ದು ನಿಂತ. ಅಜ್ಜಿಯ ಕೈ ಹಿಟ್ಟಿನ ಮೇಲೆ ಹಾಗೇ ನಿಂತುಬಿಟ್ಟಿತು. ಬಸ್ಸು ಹೋದ ಸದ್ದಾಯಿತು. ಮಾವ ನಗಲಾರಂಭಿಸಿದ, ನಕ್ಕು ನಕ್ಕು ಕೆಮ್ಮು ಬಂತು. ಮತ್ತೆ ಕೂತು ತಟ್ಟೆ ಮುಂದಕ್ಕೆ ಸರಿಸಿದ.

"ಇನ್ನೊಂದು ಹಾಕಬೇ."

ಆ ಹೊತ್ತಿನ ಖುಷಿಯಲ್ಲಿ ನಾನೂ ಎರಡು ರೊಟ್ಟಿ ಹೆಚ್ಚು ತಿಂದೆ. ಜೈಲಿನಿಂದ ಬಂದಾಗಿನಿಂದ ಮಾವ ತಲೆ ತಗ್ಗಿಸಿಕೊಂಡೇ ಉಣ್ಣುತ್ತಿದ್ದ. ಅಂದು ತನ್ನವ್ವನ ಮುಖ ನೋಡುತ್ತ ಉಂಡ.